ಹೆಸರು ನನ್ನದು, ವರದಿ ನನ್ನದಲ್ಲ

ಗುರುತು ಸಿಗಬಾರದೆಂದು ಹೆಸರು, ಊರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ.

ರಶ್ಮಿ ಅಂತ ಕರೆಯೋಣ. ಹಾವೇರಿ ಕಡೆಯ ಹಳ್ಳಿಯವಳು, 22 ವರ್ಷ, ಪತ್ರಿಕೋದ್ಯಮದಲ್ಲಿ ಎಂ.ಎ. ಓದುತ್ತಿದ್ದಾಳೆ. ಒಂದು ದಿನಪತ್ರಿಕೆಯ ಜಿಲ್ಲಾ ಕಚೇರಿಯಲ್ಲಿ ಒಂದು ತಿಂಗಳ ಇಂಟರ್ನ್‌ಶಿಪ್. 19 ದಿನ ಮುಗಿದಿತ್ತು. ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದವಳು ಕುರ್ಚಿಯಲ್ಲಿ ಕೂರುವ ಮೊದಲೇ ಅಂದಳು: "ಮೇಡಂ, ನಂಗ ಬರಿಯಾಕ ಬರಂಗಿಲ್ಲ ಅನ್ನೋದು ಈಗ ಗೊತ್ತಾತ್ರಿ."

ನಾಲ್ಕು ರಾತ್ರಿಯಿಂದ ಸರಿಯಾಗಿ ನಿದ್ದೆ ಇಲ್ಲ. 200 ಪದದ ಸುದ್ದಿಗೆ ಎರಡೂವರೆ ಗಂಟೆ ಹಿಡಿಯುತ್ತೆ. ಇಂಟ್ರೊ, ಅಂದರೆ ಸುದ್ದಿಯ ಮೊದಲ ಸಾಲು, ಬರೆಯುತ್ತಾಳೆ, ಅಳಿಸುತ್ತಾಳೆ, ಮತ್ತೆ ಬರೆಯುತ್ತಾಳೆ. ಕಳಿಸಿದ ಮೇಲೂ ಕಳಿಸಿದ್ದನ್ನೇ ಹತ್ತು ಸಲ ತೆಗೆದು ಓದುತ್ತಾಳೆ.

ಊರಲ್ಲಿ ಅವಳ ಅಪ್ಪನದು ಸಣ್ಣ ಕಿರಾಣಿ ಅಂಗಡಿ. ಮಗಳ ಮೊದಲ ಬೈಲೈನ್ (ಅವಳ ಹೆಸರು ಹಾಕಿದ ಸುದ್ದಿ) ಬಂದ ದಿನ ಅದನ್ನು ಕತ್ತರಿಸಿ, ಬಿಸ್ಕತ್ತಿನ ಡಬ್ಬಿಗಳ ಮುಂದಿನ ಗಾಜಿಗೆ ಅಂಟಿಸಿದರಂತೆ. ಬಂದವರಿಗೆಲ್ಲ ತೋರಿಸುತ್ತಾರೆ. "ಅದರಾಗ ನಂದು ಒಂದು ಸಾಲೂ ಇಲ್ರಿ ಮೇಡಂ. ಎಲ್ಲಾ ಡೆಸ್ಕಿನವರು ಬರ್ದಿದ್ದು. ಹೆಸರು ಮಾತ್ರ ನಂದು." ಡೆಸ್ಕ್ ಅಂದರೆ ಕಚೇರಿಯಲ್ಲಿ ಸುದ್ದಿ ತಿದ್ದಿ ಪುಟ ಕಟ್ಟುವವರು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಮೊದಲ ಭೇಟಿಯಲ್ಲಿ ನಾನು ಇದನ್ನು ಟೀಕೆಯಿಂದ ಆದ ನೋವು ಅಂತ ತಿಳಿದೆ. ತಿದ್ದಿದ್ದು ನಿನ್ನ ಕಾಪಿಯನ್ನು, ಅಂದರೆ ನೀನು ಬರೆದ ಸುದ್ದಿಯನ್ನು, ನಿನ್ನನ್ನಲ್ಲ ಎಂದು ಎಲ್ಲರೂ ಹೇಳುವುದನ್ನೇ ಹೇಳಿದೆ. ಅವಳು ತಲೆಯಾಡಿಸಿದಳು, ಥ್ಯಾಂಕ್ಸ್ ಅಂದಳು, ಹೋದಳು. ಆ ರಾತ್ರಿಯೂ ನಿದ್ದೆ ಮಾಡಲಿಲ್ಲ.

ಎರಡನೇ ಸಲ ಬರುವಾಗ ತಿದ್ದಿದ ಪ್ರಿಂಟ್‌ಗಳನ್ನು ತರಲು ಹೇಳಿದ್ದೆ. ಆ ಕಚೇರಿಯ ಹಿರಿಯ ಉಪಸಂಪಾದಕರು ಇಂಟರ್ನ್‌ಗಳ ಕಾಪಿಯನ್ನು ಈಗಲೂ ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದಿ ಕೊಡುತ್ತಾರೆ. (ಈ ಕಾಲದಲ್ಲಿ ಅಷ್ಟು ವ್ಯವಧಾನ ಇರುವವರು ಎಷ್ಟು ಜನ?) ನೀರಿನ ಪ್ರತಿಭಟನೆಯ ಸುದ್ದಿಯಲ್ಲಿ 41 ಗುರುತುಗಳಿದ್ದವು. ಒಂದೊಂದೇ ನೋಡಿ, ಯಾಕೆ ತಿದ್ದಿರಬಹುದು ಅಂತ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆ ಅಂದೆ.

ಒಂಬತ್ತು ಗುರುತು ಅವಳ ತಪ್ಪೇ ಅಲ್ಲ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಯೂನಿಕೋಡ್‌ಗೆ ಬದಲಾಗುವಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿದ್ದವು. ಅದನ್ನು ನೋಡಿ ಮೊದಲ ಸಲ ನಕ್ಕಳು. ಹೆಚ್ಚಿನವು ಭಾಷೆಯವು. ಅವಳ ಇಂಟ್ರೊ ಹೀಗಿತ್ತು: "ಗ್ರಾಮಸ್ಥರಿಂದ ಕುಡಿಯುವ ನೀರಿಗಾಗಿ ಆಗ್ರಹಿಸಿ ಬೃಹತ್ ಪ್ರತಿಭಟನೆಯನ್ನು ಹಮ್ಮಿಕೊಳ್ಳಲಾಗಿತ್ತು." ಡೆಸ್ಕ್ ಮಾಡಿದ್ದು: "ಎಂಟು ದಿನದಿಂದ ನೀರು ಬಿಟ್ಟಿಲ್ಲ ಎಂದು ಗ್ರಾಮದ ಮಹಿಳೆಯರು ಸೋಮವಾರ ಖಾಲಿ ಕೊಡಗಳೊಂದಿಗೆ ಪಂಚಾಯಿತಿ ಕಚೇರಿಯ ಬಾಗಿಲಿಗೆ ಅಡ್ಡ ಕುಳಿತರು."

"ಎಂಟು ದಿನ, ಖಾಲಿ ಕೊಡ, ಬಾಗಿಲಿಗೆ ಅಡ್ಡ ಕೂತಿದ್ದು. ಇದೆಲ್ಲ ಅವರಿಗೆ ಎಲ್ಲಿ ಸಿಕ್ತು?" ಅಂತ ಕೇಳಿದೆ.

"ನನ್ನ ಕಾಪಿಯ ಆರನೇ ಪ್ಯಾರಾದಾಗ ಇತ್ರಿ."

ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ ಕೆಳಗಿದ್ದ ಇನ್ನೊಂದು ಪ್ರಿಂಟ್ ತೆಗೆದಳು. ಅದರಲ್ಲಿ ಒಂದೇ ಒಂದು ಗುರುತು. ಎರಡು ಪದಗಳ ಮೇಲೆ ಕಾಗದ ಹರಿಯುವಷ್ಟು ಒತ್ತಿ ಎಳೆದ ಗೆರೆ.

ನಿದ್ದೆ ಕೆಡಿಸಿದ್ದು ಈ ಕಾಗದ. ಬಾಲಕಿಯೊಬ್ಬಳ ಮೇಲಿನ ದೌರ್ಜನ್ಯದ ಪ್ರಕರಣ. ಹೆಸರು ಬರೆಯಬಾರದು ಅಂತ ಅವಳಿಗೆ ಗೊತ್ತಿತ್ತು, ಬರೆದಿರಲಿಲ್ಲ. ಆದರೆ ಶಾಲೆಯ ಹೆಸರು ಹಾಕಿದ್ದಳು. ಪುಟ ಅಚ್ಚಿಗೆ ಬಿಡುವ ಹೊತ್ತಿಗೆ ಉಪಸಂಪಾದಕರ ಕಣ್ಣಿಗೆ ಬಿತ್ತು. ಎಲ್ಲರೆದುರು ಕೂಗಾಡಿದರು. "ಅಚ್ಚಾಗಿದ್ರ ಆ ಹುಡುಗಿ ಗತಿ ಏನ್ರಿ ಮೇಡಂ? ಕಣ್ಣು ಮುಚ್ಚಿದ್ರ ಅದೇ ಬರ್ತೈತಿ."

ಹೋಗ್ಲಿ ಬಿಡು, ಏನೂ ಆಗಿಲ್ವಲ್ಲ ಅಂತ ನಾನು ಹೇಳಲಿಲ್ಲ. ಅದು ಸಣ್ಣ ತಪ್ಪಲ್ಲ, ಅವಳಿಗೂ ಗೊತ್ತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಹೆಸರಷ್ಟೇ ಅಲ್ಲ, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ, ಮಗುವಿನ ಗುರುತು ಸಿಗುವಂಥ ಯಾವುದನ್ನೂ ಹಾಕುವಂತಿಲ್ಲ. ವಿಶೇಷ ನ್ಯಾಯಾಲಯ ಮಗುವಿನ ಹಿತಕ್ಕೆಂದು ಅನುಮತಿ ಕೊಟ್ಟರೆ ಬೇರೆ ಮಾತು. ತಪ್ಪಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಕೆಲಸದವರು ಮಾಡಿದ್ದಕ್ಕೆ ಪತ್ರಿಕೆಯ ಪ್ರಕಾಶಕರೂ ಮಾಲೀಕರೂ ಹೊಣೆ. ಇದನ್ನು ಇಬ್ಬರೂ ಕೂತು ಓದಿದೆವು. ಓದಿದ ಮೇಲೆ ಆ ಕೂಗಾಟದಲ್ಲಿ ಸಿಟ್ಟಿನ ಜೊತೆ ಹೆದರಿಕೆಯೂ ಇತ್ತು ಅಂತ ಅವಳಿಗೆ ಅನ್ನಿಸಿತು. ಎಲ್ಲರೆದುರು ಕೂಗಿದ್ದು ಸರಿ ಅಂತ ಇದರರ್ಥ ಅಲ್ಲ. ಇನ್ನೊಂದು ಸಲ ಹಾಗಾದರೆ ವಿಭಾಗದ ಮೇಷ್ಟ್ರಿಗೆ ತಿಳಿಸಬೇಕು ಅಂತ ಮಾತಾಯಿತು.

ಸಲಹೆ ಅಂತ ಕೊಟ್ಟಿದ್ದು ಜಾಸ್ತಿ ಏನಿಲ್ಲ. ಸೆಕ್ಷನ್ 23ರಲ್ಲಿರುವ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ನೋಟ್‌ಬುಕ್ಕಿನ ಹೊದಿಕೆಗೆ ಅಂಟಿಸಿಕೊಂಡಳು. ಮಕ್ಕಳ ಸುದ್ದಿ ಕಳಿಸುವ ಮೊದಲು ಆ ಚೀಟಿ ಹಿಡಿದು ಒಂದು ಸಲ ನೋಡುವುದು. ಒಂದೇ ಸಲ, ಹತ್ತು ಸಲ ಅಲ್ಲ. ಕಳಿಸಿದ ಮೇಲೆ ಫೋನ್ ಬೇರೆ ಕೋಣೆಯಲ್ಲಿ. ಇಂಟ್ರೊ ಹೊಳೆಯದಿದ್ದರೆ ಟೈಪ್ ಮಾಡಬೇಡ, ಮೊದಲು ಬಾಯಲ್ಲಿ ಹೇಳು, ಅವ್ವನಿಗೆ ಫೋನ್‌ನಲ್ಲಿ ಹೇಳೋ ಹಾಗೆ, ಅಂದೆ. ಇದು ಅವಳಿಗೆ ತಕ್ಷಣ ಹಿಡಿಸಿತು. ಅವ್ವನಿಗೆ ಯಾರೂ "ಹಮ್ಮಿಕೊಳ್ಳಲಾಗಿತ್ತು" ಅನ್ನಲ್ಲ, ಅಲ್ವಾ? ಕೆಂಪು ಗುರುತಿನ ಬಗ್ಗೆ ಅನುಮಾನ ಇದ್ದರೆ ರಾತ್ರಿ ಪುಟ ಕಟ್ಟುವಾಗ ಕೇಳುವುದು ಬೇಡ, ಮಾರನೇ ದಿನ ಸಂಜೆ ನಾಲ್ಕಕ್ಕೆ, ಡೆಸ್ಕ್ ಖಾಲಿ ಇರುವಾಗ ಕೇಳು ಅಂದೆ.

ಊಟ, ನಿದ್ದೆ, ಬದುಕೇ ಬೇಡ ಅನ್ನುವಂಥ ಯೋಚನೆ, ಎಲ್ಲದರ ಬಗ್ಗೆ ನೇರವಾಗಿ ಕೇಳಿದೆ. ಅಂಥ ಯೋಚನೆ ಇರಲಿಲ್ಲ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಕೊಟ್ಟೆ. ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇಂಟರ್ನ್‌ಶಿಪ್ ಬಿಡಲೇ ಅಂತ ಕೇಳಿದಳು. ಅದನ್ನು ನಾನು ಹೇಳುವುದಲ್ಲ ಅಂದೆ. ಬಿಡಲಿಲ್ಲ.

ಕೊನೆಯ ವಾರ ಬಂದಾಗ ನಿದ್ದೆ ಬರುತ್ತಿತ್ತು, ಸಿಟ್ಟೂ ಬಂದಿತ್ತು. ಹೊಸ ಕಾಪಿಯಲ್ಲಿ 17 ಗುರುತು. ಹದಿನಾರನ್ನು ಒಪ್ಪಿದ್ದಳು. ಒಬ್ಬ ಮುದುಕಿಯ ಮಾತನ್ನು ಅವಳು "ನೀರ್ ಬಂದ್ ಎಂಟ್ ದಿನ ಆತು ನೋಡ್ರಿ" ಅಂತ ಇದ್ದ ಹಾಗೇ ಬರೆದಿದ್ದಳು. ಡೆಸ್ಕ್ ಅದನ್ನು "ಎಂಟು ದಿನಗಳಿಂದ ನೀರು ಪೂರೈಕೆಯಾಗಿಲ್ಲ" ಅಂತ ಮಾಡಿತ್ತು.

"ಆ ಅಜ್ಜಿ ಪೂರೈಕೆ ಅಂತಾಳೇನ್ರಿ ಮೇಡಂ?"

"ಅವರನ್ನ ಕೇಳಿದೆಯಾ?"

"ನಾಳೆ ನಾಲ್ಕಕ್ಕ ಕೇಳ್ತೀನ್ರಿ."

ಅಂಗಡಿಯ ಗಾಜಿಗೆ ಅಂಟಿಸಿದ ಸುದ್ದಿಯ ಬಗ್ಗೆ ಅಪ್ಪನಿಗೆ ಇನ್ನೂ ಹೇಳಿಲ್ಲವಂತೆ.