ಬೆಂಡು ಕುಣಿಯುತ್ತದೆ, ಮೀನು ಬರುವುದಿಲ್ಲ: ಹುಳುವೋ, ಪ್ಲಾಸ್ಟಿಕ್ಕೋ?

ಪ್ರಶ್ನೆ: ನಾವಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ರಜೆಯ ದಿನ ಮಕ್ಕಳೊಂದಿಗೆ ಹತ್ತಿರದ ಕೆರೆಗೆ ಗಾಳ ಹಾಕಲು ಹೋಗುತ್ತೇವೆ. ಅಲ್ಲಿರುವುದು ಹೆಚ್ಚಾಗಿ ಬ್ಲೂಗಿಲ್, ಕ್ರ್ಯಾಪಿ ಎಂಬ ಸಣ್ಣ ಮೀನುಗಳು. ಎರೆಹುಳು ಸಿಕ್ಕಿಸಿದರೆ ಬೆಂಡು ಕುಣಿಯುತ್ತದೆ, ಎಳೆದರೆ ಬರಿಯ ಕೊಕ್ಕೆ. ಪ್ಲಾಸ್ಟಿಕ್ ಜಿಗ್ (ತಲೆಯಲ್ಲಿ ಭಾರವಿರುವ ಕೊಕ್ಕೆಗೆ ತೊಡಿಸಿದ ಹುಸಿ ಎರೆ) ಹಾಕಿದರೆ ಮೀನು ಹತ್ತಿರವೂ ಸುಳಿಯುವುದಿಲ್ಲ. ಯಾವುದನ್ನು ನಂಬುವುದು?

ಉತ್ತರ: ಮೊದಲು ಅಳತೆ ಸರಿಮಾಡಿಕೊಳ್ಳಿ, ಹುಳುವೋ ಪ್ಲಾಸ್ಟಿಕ್ಕೋ ಎಂಬುದು ಆಮೇಲಿನ ಮಾತು. ಬ್ಲೂಗಿಲ್‌ನ ಬಾಯಿ ಬಹಳ ಚಿಕ್ಕದು. ಅದು ಎರೆಯನ್ನು ನೀರಿನ ಸಮೇತ ಒಳಗೆ ಹೀರಿಕೊಳ್ಳುತ್ತದೆ. ನೈಟ್‌ಕ್ರಾಲರ್ ಎಂಬ ದೊಡ್ಡ ಎರೆಹುಳುವನ್ನು ಇಡಿಯಾಗಿ ಸಿಕ್ಕಿಸಿದರೆ ನೇತಾಡುವ ತುದಿಯನ್ನು ಹಿಡಿದು ಹರಿದುಕೊಂಡು ಹೋಗುತ್ತದೆ. ಕೊಕ್ಕೆ ಬಾಯಿಯೊಳಕ್ಕೆ ಹೋಗುವುದೇ ಇಲ್ಲ.

8 ಅಥವಾ 10ನೇ ನಂಬರಿನ, ಉದ್ದ ಕಾಲಿನ, ತೆಳು ತಂತಿಯ ಕೊಕ್ಕೆ ತೆಗೆದುಕೊಳ್ಳಿ (ನಂಬರ್ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು). ಹುಳುವನ್ನು ಒಂದೂವರೆ ಸೆಂಟಿಮೀಟರಿನ ತುಂಡು ಮಾಡಿ ಕೊಕ್ಕೆಯ ಉದ್ದಕ್ಕೂ ಪೋಣಿಸಿ. ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಜೋಲಬಾರದು. 4 ಪೌಂಡ್ ಭಾರ ತಡೆಯುವ ದಾರ ಸಾಕು. ಕೊಕ್ಕೆಯಿಂದ 15-20 ಸೆಂ.ಮೀ. ಮೇಲೆ ಸಣ್ಣ ಸೀಸದ ಗುಂಡು ಕಚ್ಚಿಸಿ. ಕೆಂಪು-ಬಿಳಿ ದಪ್ಪ ಬೆಂಡನ್ನು ಬಿಟ್ಟುಬಿಡಿ. ಮೀನು ಎಳೆದಾಗ ಅದು ಮೇಲಕ್ಕೆ ಜಗ್ಗುತ್ತದೆ, ಅನುಮಾನ ಬಂದ ಮೀನು ಎರೆಯನ್ನು ಉಗುಳುತ್ತದೆ. ಪೆನ್ಸಿಲ್‌ನಂಥ ತೆಳು ಬೆಂಡು ಹಾಕಿ, ತುದಿಯಷ್ಟೇ ನೀರ ಮೇಲೆ ಕಾಣುವಷ್ಟು ಭಾರ ಸೇರಿಸಿ. ನಿಮ್ಮ ಅರ್ಧ ತೊಂದರೆ ಇಲ್ಲಿಗೇ ತೀರುತ್ತದೆ.

ಜಿಗ್‌ಗೂ ಇದೇ ನ್ಯಾಯ. ಔನ್ಸಿನ 1/32 ಅಥವಾ 1/64 ಭಾರ, ಅಂದರೆ ಒಂದು ಗ್ರಾಮಿಗೂ ಕಡಿಮೆ. ಪ್ಲಾಸ್ಟಿಕ್ ಮೈ ಒಂದಿಂಚು. ಅದು ಕೊಕ್ಕೆಯ ಮೇಲೆ ನೇರವಾಗಿ ಕೂರಬೇಕು. ಸೊಟ್ಟಗಿದ್ದರೆ ನೀರಿನಲ್ಲಿ ಗಿರಗಿರ ತಿರುಗಿ ದಾರ ಹುರಿಗೊಳ್ಳುತ್ತದೆ. ಬಹಳ ಮಂದಿ ಎಸೆದ ಕೂಡಲೇ ದಾರ ಸುತ್ತಲು ಶುರುಮಾಡುತ್ತಾರೆ. ಈ ಮೀನುಗಳು ಅಷ್ಟು ದೂರ ಬೆನ್ನಟ್ಟುವುದಿಲ್ಲ. ಜಿಗ್ಗನ್ನೂ ಬೆಂಡಿನ ಕೆಳಗೇ ಕಟ್ಟಿ, ಒಂದು ಗೇಣು ಎಳೆದು ಐದಾರು ಸೆಕೆಂಡು ಸುಮ್ಮನೆ ಬಿಡಿ. ಮೀನು ತೆಗೆದುಕೊಳ್ಳುವುದು ಸಾಮಾನ್ಯವಾಗಿ ಆ ನಿಂತ ಗಳಿಗೆಯಲ್ಲಿ.

ಈಗ ಆಯ್ಕೆಯ ವಿಷಯ. ಹಿಮ ಕರಗಿದ ಹೊಸತರಲ್ಲಿ, ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಿರುವಾಗ, ಜೀವಂತ ಎರೆಯೇ ಮೇಲು. ಮೈ ಜಡವಾದ ಮೀನು ಎರೆಯ ಮುಂದೆ ನಿಂತು ನೋಡುತ್ತದೆ, ಆಗ ವಾಸನೆ ಮತ್ತು ಮಿಸುಕಾಟ ಕೆಲಸಕ್ಕೆ ಬರುತ್ತವೆ. ನೀರು 16 ಡಿಗ್ರಿ ದಾಟಿದ ಮೇಲೆ ಪ್ಲಾಸ್ಟಿಕ್ ಹಿಂದೆ ಬೀಳುವುದಿಲ್ಲ. ಪ್ರತಿ ಸಲ ಹುಳು ಬದಲಿಸುವ ಹೊತ್ತೂ ಉಳಿಯುತ್ತದೆ. ಕ್ರ್ಯಾಪಿಗೆ ಜೀವಂತ ಎರೆ ಎಂದರೆ ಎರೆಹುಳುವಲ್ಲ, ಒಂದೂವರೆ-ಎರಡು ಇಂಚಿನ ಮಿನ್ನೋ ಎಂಬ ಸಣ್ಣ ಮೀನು. ಕ್ರ್ಯಾಪಿಯ ಕಣ್ಣು ಮೇಲ್ಮುಖ, ಆದ್ದರಿಂದ ಎರೆ ಅದಕ್ಕಿಂತ ತುಸು ಮೇಲೆಯೇ ಇರಲಿ. ತುಟಿಯ ಪೊರೆ ಕಾಗದದಷ್ಟು ತೆಳು, ಜಗ್ಗಿದರೆ ಹರಿಯುತ್ತದೆ. ಮೆಲ್ಲಗೆ ಎತ್ತಿ, ಬಲೆಯಲ್ಲಿ ತೆಗೆದುಕೊಳ್ಳಿ.

ಒಂದೇ ಆರಿಸಿ ಎಂದರೆ ನಮ್ಮ ಮತ ಮಿಶ್ರಣಕ್ಕೆ: 1/64 ಔನ್ಸಿನ ಜಿಗ್, ಅದರ ತುದಿಗೆ ಒಂದು ವ್ಯಾಕ್ಸ್‌ವರ್ಮ್. (ನಮ್ಮೂರ ಜೇನು ಸಾಕುವವರ ಗೂಡು ಕೆಡಿಸುವ ಮೇಣದ ಪತಂಗದ ಮರಿಹುಳು ಇದೇ.)

ಮಕ್ಕಳಿದ್ದಾರೆ ಎಂದಿರಿ, ಹಾಗಾಗಿ ಇನ್ನೊಂದು ಮಾತು. ಜೀವಂತ ಎರೆಯನ್ನು ಮೀನು ಗಂಟಲವರೆಗೆ ನುಂಗುವುದು ಹೆಚ್ಚು. ಬೆಂಡು ಮುಳುಗಿದ ಕೂಡಲೇ ಎತ್ತಲು ಕಲಿಸಿ. ನುಂಗಿಬಿಟ್ಟಿದ್ದರೆ, ಮರಳಿ ಬಿಡುವ ಮೀನಾದರೆ, ಕೊಕ್ಕೆ ಕೀಳಬೇಡಿ. ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಿ. ಬೇಸಿಗೆಯ ಆರಂಭದಲ್ಲಿ ದಡದ ಬಳಿ ಗೂಡು ಕಾಯುವ ದೊಡ್ಡ ಗಂಡು ಬ್ಲೂಗಿಲ್‌ಗಳು ಏನು ಹಾಕಿದರೂ ಬೀಳುತ್ತವೆ. ದಯವಿಟ್ಟು ಅವನ್ನು ಮರಳಿ ನೀರಿಗೆ ಬಿಡಿ. ದೊಡ್ಡ ಗಂಡುಗಳು ಇಲ್ಲವಾದರೆ ಚಿಕ್ಕವು ಬೆಳೆಯುವ ಮೊದಲೇ ಸಂತಾನಕ್ಕೆ ತೊಡಗುತ್ತವೆ, ಆಮೇಲೆ ಕೆರೆಯ ತುಂಬ ಅಂಗೈಯಗಲವೂ ಇಲ್ಲದ ಮೀನು.

ಪ್ರಶ್ನೆ: ಉಳಿದ ಎರೆಹುಳುವನ್ನು ದಡದ ಮಣ್ಣಿಗೆ ಬಿಟ್ಟರೆ ಒಳ್ಳೆಯದಲ್ಲವೇ?

ಉತ್ತರ: ಅಲ್ಲ. ಮಿನ್ನೆಸೋಟದ ಕಾಡಿಗೆ ಎರೆಹುಳು ಹೊರಗಿನದು. ಮರದಡಿಯ ತರಗೆಲೆಯ ಹಾಸನ್ನು ತಿಂದು ಮುಗಿಸಿ, ಅಲ್ಲಿ ಬೆಳೆಯುವ ಸಸಿಗಳಿಗೆ ನೆಲೆ ಇಲ್ಲದಂತೆ ಮಾಡುತ್ತದೆ. ಉಳಿದದ್ದನ್ನು ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟು ಮುಂದಿನ ಸಲ ಬಳಸಿ, ಇಲ್ಲವೇ ಕಸದ ಡಬ್ಬಿಗೆ ಹಾಕಿ. ಮಿನ್ನೋಗಳನ್ನೂ ಕೆರೆಗೆ ಸುರಿಯುವಂತಿಲ್ಲ. ಉಳಿಸಿಕೊಳ್ಳುವುದಾದರೆ, ಹೊರಡುವ ಮುನ್ನ ಬಕೆಟ್ಟಿನಲ್ಲಿರುವ ಕೆರೆಯ ನೀರು ಚೆಲ್ಲಿ, ಮನೆಯಿಂದ ತಂದ ನೀರು ತುಂಬಿಸಿ.