ಕ್ಯಾಶ್ ಅಂದ್ರೆ ದುಡ್ಡಲ್ಲ

ಪ್ರಶ್ನೆ: ಸರ್, ಈ ಸೆಮಿಸ್ಟರ್ ಮೊದಲ್ನೇ ಸಲ ಕಂಪ್ಯೂಟರ್ ಆರ್ಕಿಟೆಕ್ಚರ್ ಪಾಠ ಮಾಡೋ ಕೆಲಸ ನನ್ನ ತಲೆಗೆ ಬಂದಿದೆ. ಬೋರ್ಡ್ ಮೇಲೆ ಸಿಪಿಯು, ಕ್ಯಾಶ್ (ಸಿಪಿಯು ಪಕ್ಕದ ಪುಟ್ಟ, ವೇಗದ ಮೆಮೊರಿ), ರ‍್ಯಾಮ್ ಅಂತ ಡಬ್ಬಿ ಬರೆದು ಬಾಣ ಹಾಕ್ತೀನಿ, ಹುಡುಗ್ರು ಅದನ್ನೇ ಬಾಯಿಪಾಠ ಮಾಡಿ ಇಂಟರ್ನಲ್ಸಲ್ಲಿ ಬರೀತಾರೆ, ಮಾರ್ಕ್ಸೂ ಬರುತ್ತೆ. ಮೊನ್ನೆ ಒಬ್ಬಳು "ಮೇಡಂ, ನಾವ್ ಬರೆಯೋ ಕೋಡ್‌ಗೂ ಇದಕ್ಕೂ ಏನ್ ಸಂಬಂಧ?" ಅಂದ್ಲು, ನನ್ಗೆ ಉತ್ರ ಹೊಳೀಲೇ ಇಲ್ಲ. ಏನ್ ಮಾಡ್ಲಿ?
– ಒಬ್ಬ ಉಪನ್ಯಾಸಕಿ, ಹಾಸನ

ಉತ್ತರ: ಮೊದ್ಲು ಆ ಹುಡುಗೀಗೆ ಒಂದ್ ಕಾಫಿ ಕೊಡ್ಸಿ ಮೇಡಂ. ನಾನೂ ವರ್ಷಗಟ್ಲೆ ಅಡುಗೆಮನೆ ಕಥೆ ಹೇಳ್ಕೊಂಡೇ ಪಾಠ ಮಾಡ್ದೋನು: ಒಲೆ ಪಕ್ಕದ ಒಗ್ಗರಣೆ ಡಬ್ಬಿ ಕ್ಯಾಶ್, ಉಗ್ರಾಣ ರ‍್ಯಾಮ್, ಪೇಟೆ ಅಂಗಡಿ ಡಿಸ್ಕ್. ಹುಡುಗ್ರು ನಗ್ತಾರೆ, ತಲೆ ಆಡಿಸ್ತಾರೆ, ಆದ್ರೆ ಕಥೆ ಅರ್ಧ ದಾರೀಲೇ ಕೈಕೊಡುತ್ತೆ, ಯಾಕಂದ್ರೆ ನಿಜವಾದ ಕ್ಯಾಶ್ ನೀವು ಒಂದು ಕಾಳು ಸಾಸಿವೆ ಕೇಳಿದ್ರೂ ಅದರ ಅಕ್ಕಪಕ್ಕ ಇದ್ದಿದ್ದನ್ನೆಲ್ಲ ಬಾಚ್ಕೊಂಡು ಬರುತ್ತೆ, ಮಜಾ ಇರೋದೇ ಅಲ್ಲಿ.

ಅದನ್ನ ಹೇಳ್ಬೇಡಿ, ಲ್ಯಾಬಲ್ಲಿ ತೋರ್ಸಿ. ಸಿ‌ಯಲ್ಲಿ 4096 ಸಾಲು, 4096 ಕಾಲಂ ಇರೋ ಒಂದು ಇಂಟ್ ಅರೇ (ಒಂದೊಂದೂ 4 ಬೈಟ್ ಆದ ಪೂರ್ಣಸಂಖ್ಯೆಗಳ ಕೋಷ್ಟಕ), ಒಟ್ಟು 64 ಎಂಬಿ. ಎಲ್ಲಾ ಸಂಖ್ಯೆ ಕೂಡ್ಸೋದು, ಒಂದ್ಸಲ ಸಾಲು ಸಾಲಾಗಿ, ಇನ್ನೊಂದ್ಸಲ ಕಾಲಂ ಕಾಲಂ ಆಗಿ. ರನ್ ಮಾಡೋಕೆ ಮುಂಚೆ ಯಾವ್ದು ಬೇಗ ಮುಗಿಯುತ್ತೆ ಅಂತ ಎಲ್ಲರ ಹತ್ರ ನೋಟ್‌ಬುಕ್ಕಲ್ಲಿ ಬರೆಸಿ, ಇದನ್ನ ಮಾತ್ರ ಬಿಡ್ಬೇಡಿ, ಸೋತ ಊಹೆ ಮರೆಯಲ್ಲ. ಮುಕ್ಕಾಲು ಜನ "ಎರಡೂ ಒಂದೇ" ಅಂತಾರೆ. ಉತ್ತರ ಒಂದೇ ಬರುತ್ತೆ, ಟೈಮ್ ಮಾತ್ರ ಎಷ್ಟೋ ಪಟ್ಟು ಹೆಚ್ಚು ಕಡಿಮೆ.

ಆಮೇಲೆ ಬೋರ್ಡ್ ಹತ್ರ ಬನ್ನಿ. ಸಿ ಭಾಷೆ ಅರೇನ ಸಾಲು ಪ್ರಕಾರ ಇಡುತ್ತೆ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಕ್ಯಾಶ್ ಲೈನ್ (ಕ್ಯಾಶ್ ಒಂದ್ಸಲಕ್ಕೆ ಬಾಚ್ಕೊಂಡು ಬರೋ ತುಂಡು) 64 ಬೈಟ್, ಅಂದ್ರೆ 16 ಇಂಟ್. ಸಾಲಲ್ಲಿ ಹೋದ್ರೆ ಒಂದಕ್ಕೆ ಕಾದು ಹದಿನೈದು ಪುಕ್ಕಟೆ. ಕಾಲಂನಲ್ಲಿ ಹೋದ್ರೆ ಮುಂದಿನ ಸಂಖ್ಯೆ 16,384 ಬೈಟ್ ಆಚೆ, ತಂದ ಹದಿನಾರ್ರಲ್ಲಿ ಒಂದನ್ನ ಮುಟ್ಟಿ ಮುಂದಕ್ಕೆ, ವಾಪಸ್ ಬರೋ ಹೊತ್ತಿಗೆ ಮಿಕ್ಕಿದ್ದನ್ನ ಎಲ್1 (ಸಿಪಿಯುಗೆ ಅತಿ ಹತ್ತಿರದ ಚಿಕ್ಕ ಕ್ಯಾಶ್) ಹೊರಗೆ ಹಾಕಿರುತ್ತೆ.

ನಾನು ಬಿದ್ದ ಗುಂಡಿಗಳು ಇವು, ನೀವು ಬೀಳ್ಬೇಡಿ: ಅರೇನ ಮೇನ್ ಒಳಗೆ ಡಿಕ್ಲೇರ್ ಮಾಡಿದ್ರೆ ಸ್ಟ್ಯಾಕ್ (ಫಂಕ್ಷನ್ ಒಳಗಿನ ವೇರಿಯಬಲ್ ಇಡೋ ಜಾಗ) ಸಾಲ್ದೆ ಪ್ರೋಗ್ರಾಂ ಅಲ್ಲೇ ಸಾಯುತ್ತೆ, ಹೊರಗಿಡಿ. ಮೊದ್ಲು ಒಂದ್ಸಲ ಸಂಖ್ಯೆ ತುಂಬ್ಸಿ, ಇಲ್ದಿದ್ರೆ ಲಿನಕ್ಸ್ ಎಲ್ಲಾ ಪೇಜ್‌ಗೂ (ಮೆಮೊರಿಯ ತುಂಡಿಗೂ) ಒಂದೇ ಸೊನ್ನೆ ಪೇಜ್ ತೋರ್ಸಿ ನಿಮ್ಮ ಅಳತೇನೇ ಸುಳ್ಳು ಮಾಡುತ್ತೆ. ಕಂಪೈಲರ್ ಆಪ್ಟಿಮೈಸೇಶನ್ ಆಫ್ ಇರ್ಲಿ, ಜಾಸ್ತಿ ಬುದ್ಧಿ ತೋರ್ಸಿ ಲೂಪ್‌ಗಳನ್ನೇ ಅದಲು ಬದಲು ಮಾಡ್ಬಿಟ್ಟೀತು. ಪಿರಿಯಡ್ ಉಳಿದ್ರೆ 4096 ಬದ್ಲು 4112 ಹಾಕ್ಸಿ, ಕೆಲಸ ಜಾಸ್ತಿ ಆದ್ರೂ ಕಾಲಂ ಲೂಪ್ ಸಾಮಾನ್ಯವಾಗಿ ಬೇಗ ಮುಗಿಯುತ್ತೆ. ಯಾಕೆ ಅಂತ ಅವ್ರೇ ಕೇಳ್ತಾರೆ, ಸೆಟ್ ಅಸೋಸಿಯೇಟಿವ್ (ಕ್ಯಾಶಲ್ಲಿ ಒಂದೊಂದು ವಿಳಾಸಕ್ಕೂ ಗೊತ್ತಾದ ಕೆಲವೇ ಜಾಗ ಇರೋ ಏರ್ಪಾಡು) ಪಾಠ ಅವತ್ತೇ ಶುರು ಮಾಡಿ.

ಪ್ರಶ್ನೆ: ಸರ್, ನಮ್ಗೆ ಇನ್ನೂ ಇಂಟೆಲ್‌ನ ಹಳೇ 8086 ಪ್ರೊಸೆಸರ್ ಪಾಠ. ರಿಸ್ಕ್-ಫೈವ್ (ಪ್ರೊಸೆಸರ್‌ಗೆ ಅರ್ಥವಾಗೋ ಇನ್‌ಸ್ಟ್ರಕ್ಷನ್‌ಗಳ ಹೊಸ ಸೆಟ್) ಕಲೀಬೇಕಾ?
– ಐದನೇ ಸೆಮಿಸ್ಟರ್ ವಿದ್ಯಾರ್ಥಿ, ತುಮಕೂರು

ಉತ್ತರ: ಕಲೀಪ್ಪ. 8086 ಬಂದಿದ್ದು 1978ರಲ್ಲಿ, ಅದರ ಮೆಮೊರಿ ವಿಳಾಸದ ಸೆಗ್ಮೆಂಟ್ ಲೆಕ್ಕ ಬಿಡ್ಸೋದ್ರಲ್ಲೇ ಅರ್ಧ ಸೆಮಿಸ್ಟರ್ ಹೋಗುತ್ತೆ. ರಿಸ್ಕ್-ಫೈವ್ 2010ರಲ್ಲಿ ಬರ್ಕ್ಲೀಲಿ ಶುರುವಾಗಿದ್ದು, ಮೂಲ ಇನ್‌ಸ್ಟ್ರಕ್ಷನ್‌ಗಳು ನಲವತ್ತರ ಆಸುಪಾಸು ಅಷ್ಟೆ, ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್ ಕೂಡ ಇದರ ಮೇಲೇ ನಿಂತಿದೆ. ರೈಪ್ಸ್ ಅನ್ನೋ ಸಿಮ್ಯುಲೇಟರ್ ಪುಕ್ಕಟೆ ಸಿಗುತ್ತೆ. ಅದ್ರಲ್ಲಿ ಐದು ಹಂತದ ಪೈಪ್‌ಲೈನ್ (ಒಂದು ಇನ್‌ಸ್ಟ್ರಕ್ಷನ್ ಮುಗಿಯೋಕೆ ಮುಂಚೆ ಮುಂದಿನದು ಶುರುವಾಗೋ ಏರ್ಪಾಡು) ತಗೊಂಡು, ಒಂದು ಲೋಡ್ (ಮೆಮೊರಿಯಿಂದ ರಿಜಿಸ್ಟರ್‌ಗೆ ಸಂಖ್ಯೆ ತರೋದು) ಬರೆದು ಅದರ ಬೆನ್ನಲ್ಲೇ ಆ ರಿಜಿಸ್ಟರನ್ನೇ ಬಳಸೋ ಆಡ್ ಬರಿ, ನಡುವೆ ಒಂದು ಸೈಕಲ್ ಖಾಲಿ ಹೋಗೋದು ಕಣ್ಣಿಗೇ ಕಾಣುತ್ತೆ. ಎಕ್ಸಾಮಲ್ಲಿ 8086 ಕೇಳಿದ್ರೆ ಮಾತ್ರ 8086ನೇ ಬರಿ, ಮಾರ್ಕ್ಸ್ ವಿಷಯದಲ್ಲಿ ಹಠ ಬೇಡ.