ರೇಷನ್ ಅಕ್ಕಿ ಬದಲು ಫುಡ್ ವೋಚರ್ ಕೊಟ್ಟರೆ ಊರಿನ ವ್ಯಾಪಾರಕ್ಕೆ ಲಾಭವಾ, ಇಲ್ಲಾ ಬೆಲೆ ಏರುತ್ತದಾ?

ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ಕಿರಾಣಿ ಅಂಗಡಿ ಇಟ್ಟವನು. ಆಹಾರ ಪದಾರ್ಥ ಕೊಳ್ಳಲು ಮಾತ್ರ ನಡೆಯುವ ಈ ವೋಚರ್ ಅಂದರೆ ಅಂಗಡಿಯವರ ಬಾಯಲ್ಲಿ ನೀರೂರುತ್ತದೆ. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಅಳೆದು ತೂಗಿಯೇ ನಂಬಿ. ಲಾಭ ಇದೆ. ಆದರೆ ಆ ಲಾಭ ಯಾರಿಗೆ ಅನ್ನೋದು ವೋಚರ್ ಎಲ್ಲೆಲ್ಲಿ ನಡೆಯುತ್ತದೆ ಅನ್ನೋದರ ಮೇಲಿದೆ.

ಇದಕ್ಕೆ ಹತ್ತಿರದ್ದೊಂದು ನಮ್ಮಲ್ಲೇ ಆಗಿಹೋಗಿದೆ. 2023ರ ಜುಲೈನಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿ ಬದಲು, ಕೆ.ಜಿ.ಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಬಂತು. 2025ರಲ್ಲಿ ಮತ್ತೆ ಅಕ್ಕಿಯೇ ಶುರುವಾಯಿತು. ಅದು ನಗದು, ವೋಚರ್ ಅಲ್ಲ, ಸರಿ. ಆದರೆ ನಮ್ಮದು ಜೋಳದ ಸೀಮೆ. ರೊಟ್ಟಿ ಉಣ್ಣುವ ಮನೆಗೆ ಅಷ್ಟೊಂದು ಅಕ್ಕಿ ಬಂದರೆ, ಒಂದು ಪಾಲು ಸಿಕ್ಕ ರೇಟಿಗೆ ಮಾರಾಟವಾಗಿ ಜೋಳ, ಬೇಳೆ, ಎಣ್ಣೆ ಆಗುತ್ತದೆ. ಹೀಗೆ ಮಾರಿದವರಿಗೆ ಸರ್ಕಾರ ಖರ್ಚು ಮಾಡಿದಷ್ಟು ಕೈಗೆ ಬರುವುದಿಲ್ಲ, ನಡುವಿನವರು ತಿನ್ನುತ್ತಾರೆ. ದುಡ್ಡೇ ಬಂದಾಗ ಆ ನಷ್ಟ ತಪ್ಪಿತು. ನನ್ನಲ್ಲಿ ಕೆಲವರ ಉದ್ರಿಯೂ ತೀರಿತು ಅನ್ನಿ.

ಇನ್ನು ವೋಚರ್. ಮನೆಯವರು ಹೇಗೂ ದಿನಸಿಗೆ ಖರ್ಚು ಮಾಡುತ್ತಿದ್ದರು, ವೋಚರ್ ಸಿಕ್ಕರೆ ಅಷ್ಟು ನಗದು ಬೇರೆ ಕಡೆ ಹೋಗುತ್ತದೆ ಅಷ್ಟೇ ಅನ್ನೋದು ಹಳೆಯ ವಾದ. ಆದರೆ ಅಮೆರಿಕದಲ್ಲಿ ಬಡವರಿಗೆ ಆಹಾರ ಕೊಳ್ಳಲು ಮಾತ್ರ ನಡೆಯುವ ಕಾರ್ಡ್ ಕೊಡುವ ಸ್ನ್ಯಾಪ್ ಯೋಜನೆಯ ಅಧ್ಯಯನಗಳಲ್ಲಿ, ಅಷ್ಟೇ ನಗದು ಕೊಟ್ಟಾಗಿನದಕ್ಕಿಂತ ಊಟದ ಖರ್ಚು ಜಾಸ್ತಿಯೇ ಏರಿದ್ದು ಕಂಡಿದೆ. ಆರ್ಥಿಕತೆ ಮಂದವಾಗಿದ್ದಾಗ ಇದಕ್ಕೆ ಹೆಚ್ಚುವರಿಯಾಗಿ ಹಾಕಿದ 1 ಡಾಲರ್‌ನಿಂದ ದೇಶದ ಜಿಡಿಪಿ 1.54 ಡಾಲರ್ ಏರುತ್ತದೆ ಅಂತ ಅಲ್ಲಿನ ಕೃಷಿ ಇಲಾಖೆ 2019ರಲ್ಲಿ ಅಂದಾಜು ಮಾಡಿತ್ತು. ಒಳ್ಳೆ ಕಾಲದಲ್ಲಿ ಅಷ್ಟು ಆಗೋದಿಲ್ಲ. ಆ ಅಂಕಿಯನ್ನು ಸುಮ್ನೆ ಇಂಡಿಗೆ ತಂದು ಹಚ್ಚಬೇಡಿ.

ನೀವು ಕೇಳಿದ ಬೆಲೆಯ ಭಯ ಸುಳ್ಳಲ್ಲ. ಮೆಕ್ಸಿಕೋ ಸರ್ಕಾರ ಕೆಲವು ಹಳ್ಳಿಗಳಿಗೆ ಆಹಾರ ಪದಾರ್ಥ, ಕೆಲವಕ್ಕೆ ನಗದು ಕೊಟ್ಟಿತ್ತು. ಪದಾರ್ಥ ಬಂದ ಕಡೆ ಅವುಗಳ ಬೆಲೆ ಇಳಿಯಿತು, ನಗದು ಬಂದ ಕಡೆ ಇಳಿಯಲಿಲ್ಲ. ದೂರದ ಹಳ್ಳಿಗಳಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಕಾರಣ ಸರಳ: ಅಕ್ಕಿ ಬಂದರೆ ಊರಲ್ಲಿ ಮಾಲು ಹೆಚ್ಚುತ್ತದೆ, ವೋಚರ್ ಬಂದರೆ ಗಿರಾಕಿ ಹೆಚ್ಚುತ್ತಾರೆ. ಊರಿಗೆ ಎರಡೇ ಅಂಗಡಿ ಇದ್ದರೆ ರೇಟು ಹಿಡಿದು ನಿಲ್ಲಿಸುವವರು ಯಾರು? ನಾವೇನು ಸಂತರಲ್ಲ. ಜೊತೆಗೆ, ಜೋಳ ತುಟ್ಟಿಯಾದ ತಿಂಗಳೂ 170 ಅಂದರೆ 170ಯೇ. 5 ಕೆ.ಜಿ. ಅಕ್ಕಿ ಮಾತ್ರ ಯಾವಾಗಲೂ 5 ಕೆ.ಜಿ.

ಅದಕ್ಕೇ ನನ್ನ ಪ್ರಕಾರ ಕೇಂದ್ರದ 5 ಕೆ.ಜಿ. ಧಾನ್ಯ ಹಾಗೇ ಇರಲಿ, ಅದರ ಮೇಲಿನದ್ದಕ್ಕೆ ಬೆಲೆ ನೋಡಿ ಏರಿಳಿಯುವ ವೋಚರ್ ಬರಲಿ. ಅದು ವಾರದ ಸಂತೆಯಲ್ಲೂ ನಡೆಯಬೇಕು. ಆಗ ದುಡ್ಡು ಬಿಳಿಜೋಳ ಬೆಳೆದ ಇಲ್ಲಿನ ರೈತರಿಗೆ, ಕಾಯಿಪಲ್ಲೆ ಮಾರುವ ಹೆಣ್ಣುಮಕ್ಕಳಿಗೆ ಸೇರುತ್ತದೆ. ಅವರಲ್ಲಿ ಎಷ್ಟೋ ಜನರ ಹತ್ತಿರ ಈಗ ಕ್ಯೂಆರ್ ಕೋಡ್ ಇದೆ. ದೊಡ್ಡ ಮಾರ್ಟ್‌ಗಳಲ್ಲಿ ಮಾತ್ರ ನಡೆದರೆ ದುಡ್ಡು ತಾಲೂಕು ದಾಟಿ ಹೋಗುತ್ತದೆ. ಇನ್ನೊಂದು, ವೋಚರ್ ತೆಗೆದುಕೊಂಡ ಅಂಗಡಿಗೆ ಸರ್ಕಾರದಿಂದ ದುಡ್ಡು ಬರಲು ತಿಂಗಳುಗಟ್ಟಲೆ ಆದರೆ ನಮ್ಮಂಥ ಸಣ್ಣವರು ಎರಡನೇ ತಿಂಗಳಿಗೇ "ವೋಚರ್ ನಡೆಯಲ್ಲ" ಅಂತ ಬೋರ್ಡ್ ಹಾಕುತ್ತೇವೆ.